ರುಬ್ಬುಗುಂಡಿನ ಬನ

ಗೋರಾಯಿಯ ನಮ್ಮ ಗದ್ದೆಗೆ ಹೋಗಬೇಕೆಂದರೆ ಘಾಟ್ಕೋಪರಿನಿಂದ ಮೆಟ್ರೋ, ಅಂಧೇರಿಯಿಂದ ಲೋಕಲ್, ಬೋರಿವಲಿಯಲ್ಲಿ ಇಳಿದು ಆಟೋ, ಕೊನೆಗೆ ಖಾಡಿಯ ಉಪ್ಪು ಹಿನ್ನೀರು ದಾಟಲು ದೋಣಿ. ಮಾವ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಕೊಂಡ ಭೂಮಿ ಅದು. ಬೇಸಾಯ ಮಾಡುವವರಿಲ್ಲದೆ ಹಾಳುಬಿದ್ದಿತ್ತು. ಅಲ್ಲಿ ಈ ನೆಲದ್ದೇ ಮರಗಳ ಕಾಡು ಮಾಡುತ್ತೇನೆ ಎಂದು ಹಟ ಹಿಡಿದವಳು ನಾನು. "ಬಾಲ್ಕನಿಯ ತುಳಸಿಗೇ ನೀರು ಹಾಕಲು ಮರೆಯುವವಳು!" ಎಂದು ಗಂಡ ನಕ್ಕರು. ಆ ನಗುವಿಗಾಗಿಯಾದರೂ ಬೆಳೆಸಿಯೇ ಬೆಳೆಸುತ್ತೇನೆ ಅಂದುಕೊಂಡೆ.

ಮೊದಲ ಮಳೆಗೆ ಮುತ್ತುಗ, ಬೂರುಗ, ನೇರಳೆ, ಹೊಂಗೆ, ತಾರೆ ನೆಟ್ಟೆವು. ಆಡು ಮೇಯಿಸುವವರು ಬೇಲಿ ಕಿತ್ತರು. ಉಳಿದದ್ದನ್ನು ಯಾರೋ ಸೌದೆಗೆ ಕಡಿದರು. ಜಗಳವಾಡಿ ಗಂಟಲು ಹರಿದದ್ದೇ ಬಂತು. ಎರಡನೆಯ ಮಳೆಗೆ ಮತ್ತೆ ನೆಟ್ಟವಳು ಉಡುಪಿ ಕಡೆಯವರಿಗೆ ಮಾತ್ರ ಹೊಳೆಯುವಂಥ ಉಪಾಯವೊಂದನ್ನು ಮಾಡಿದೆ. ನಮ್ಮೂರಲ್ಲಿ ನಾಗನ ಕಲ್ಲಿರುವ ಬನದಲ್ಲಿ ಒಂದು ಕಡ್ಡಿಯನ್ನೂ ಯಾರೂ ಮುರಿಯುವುದಿಲ್ಲ. ಹೋಟೆಲಿನ ಹಳೆಯ ರುಬ್ಬುವ ಕಲ್ಲಿನ ಗುಂಡನ್ನು ಚೀಲದಲ್ಲಿ ಹೊತ್ತು ತಂದು, ಸಸಿಗಳ ನಡುವೆ ನಿಲ್ಲಿಸಿ, ಅರಿಶಿನ ಬಳಿದೆ. ಪ್ರತಿಷ್ಠೆಯಿಲ್ಲದೆ ಹಾಗೆ ಮಾಡಬಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮಾಡಿದೆ.

ಉಪಾಯವೇನೋ ಫಲಿಸಿತು. ಆಡುಗಳು ಬರಲಿಲ್ಲ, ಕಡಿಯುವವರೂ ಬರಲಿಲ್ಲ. ಆದರೆ ವಾರ ಬಿಟ್ಟು ಹೋದಾಗ ಕಲ್ಲಿನ ಮುಂದೆ ತೆಂಗಿನ ಚಿಪ್ಪಿನಲ್ಲಿ ಹಾಲಿತ್ತು, ಹುಳಿಯಾಗದ ಹಾಲು. ಅದರ ಮುಂದಿನ ವಾರವೂ ಇತ್ತು. ಸುತ್ತ ಒಂದು ಎಲೆಯೂ ಬಿದ್ದಿರಲಿಲ್ಲ. ಕಲ್ಲು ನಾನು ಇಟ್ಟದ್ದಕ್ಕಿಂತ ಗೇಣಷ್ಟು ಆಳಕ್ಕೆ ಇಳಿದಿತ್ತು. ಮಳೆಗೆ ಮಣ್ಣು ಸಡಿಲವಾಗಿದೆ ಅಂದುಕೊಂಡೆ. ನಡುಮಧ್ಯಾಹ್ನದ ಬಿಸಿಲಲ್ಲಿ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ.

ಅಷ್ಟರಲ್ಲಿ ಕಾಡುಬಳ್ಳಿ ಹಬ್ಬಿತು. ಸಸಿಗಳ ಮೇಲೆ ಏರಿ ಮುಚ್ಚಿ, ಅಲ್ಲಲ್ಲಿ ಮುಸುಕು ಹೊದ್ದು ಕುಳಿತವರಂತೆ ಕಾಣತೊಡಗಿತು. ಆ ತಿಂಗಳು ಕಳೆ ತೆಗೆಯದಿದ್ದರೆ ಒಂದು ಸಸಿಯೂ ಉಳಿಯುವ ಹಾಗಿರಲಿಲ್ಲ. ಕೆಲಸಕ್ಕೆ ಬರುತ್ತಿದ್ದದ್ದು ವಿಜಯಪುರ ಕಡೆಯ ಒಬ್ಬಾಕೆ. ಬೇಲಿಯ ಹೊರಗೇ ಕುಡಗೋಲು ಕೆಳಗಿಟ್ಟು ನಿಂತುಬಿಟ್ಟಳು.

"ನಾ ಒಳಗ ಬರಂಗಿಲ್ರಿ ಅಕ್ಕಾರ. ನಾಗಪ್ಪನ ಜಾಗಾಕ ಕಬ್ಬಿಣ ತರಬಾರದ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ಅದು ದೇವರಲ್ಲ ಮಾರಾಯ್ತಿ! ನಮ್ಮ ಹೋಟೆಲಿನ ಹಿಟ್ಟು ರುಬ್ಬುವ ಗುಂಡು. ನಾನೇ ತಂದು ಇಟ್ಟದ್ದು!"

"ಗೊತ್ತೈತ್ರಿ. ನೀವು ಇಡೂದು ನಾ ನೋಡೇನಿ." ಅವಳು ದನಿ ತಗ್ಗಿಸಿದಳು. "ಕಲ್ಲು ನೀವ ಇಟ್ರಿ. ಬರಾಂವ ಬಂದಾನ್ರಿ."

"ಯಾರೂ ಬರಲಿಲ್ಲ. ಹಾಲು ಇಡುವವಳು ನೀನೇ ಅಲ್ವಾ?"

"ನಾ ಯಾಕ ಇಡ್ಲಿರಿ? ನೀವ ಇಡ್ತೀರಿ ಅಂದ್ಕೊಂಡಿದ್ದೆ."

ನೇರ ಕಲ್ಲಿನ ಬಳಿಗೆ ನಡೆದೆ. ಅದನ್ನು ಕಿತ್ತು ಖಾಡಿಗೆ ಎಸೆದರೆ ಎಲ್ಲ ಮುಗಿಯಿತು ಎಂಬ ಲೆಕ್ಕ ನನ್ನದು. ಎರಡೂ ಕೈಯಿಂದ ಹಿಡಿದು ಎಳೆದೆ. ಲೋಕಲಿನ ಗದ್ದಲದಲ್ಲಿ ಒಬ್ಬಳೇ ಹೊತ್ತು ತಂದಿದ್ದ ಕಲ್ಲು ಅಲುಗಲಿಲ್ಲ. ಬಿಸಿಲಲ್ಲಿ ನಿಂತ ಕಲ್ಲು ತಣ್ಣಗಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು, ಊರಲ್ಲಿ ಚಿಕ್ಕವಳಿದ್ದಾಗಲೂ ಆಗದಷ್ಟು. ಚಪ್ಪಲಿ ಬಿಟ್ಟು ಕೈ ಮುಗಿದೆ.

"ಸಸಿಗಳಾದರೂ ಬದುಕಲಿ," ಎಂದು ಬೇಡಿಕೊಂಡೆ. ಮೋಸ ಮಾಡಿದ್ದು ನಾನಲ್ಲವೇ ಎಂದು ನಾಚಿಕೆಯೂ ಆಯಿತು.

ಆಕೆ ಬೇಲಿಯ ಹೊರಗಿಂದಲೇ, "ಬಳ್ಳಿ ಬರಿಗೈಲೆ ಕಿತ್ರ ತಪ್ಪಿಲ್ಲೇನ್ರಿ?" ಅಂದಳು. ನನ್ನನ್ನು ಕೇಳಿದಳೋ, ಕಲ್ಲನ್ನು ಕೇಳಿದಳೋ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಕಾದು, ಬರಿಗಾಲಲ್ಲಿ ಒಳಗೆ ಬಂದಳು. ಇಬ್ಬರೂ ಮಂಡಿಯೂರಿ ಬಳ್ಳಿ ಕಿತ್ತೆವು. ಬೆರಳು ಸೀಳಿ ರಕ್ತ ಬಂತು. ಆ ಕೆಲಸಕ್ಕೆ ಒಂಬತ್ತು ದಿನ ಹಿಡಿಯಿತು. ಅರ್ಧದಷ್ಟು ಸಸಿಗಳು ಅಷ್ಟರಲ್ಲೇ ಬಳ್ಳಿಯಡಿ ಬಿಳುಚಿ ಸತ್ತಿದ್ದವು. ಅವನ್ನು ನೋಡಿ ಅತ್ತುಬಿಟ್ಟೆ.

ಉಳಿದವು ಈಗ ನನಗಿಂತ ಎತ್ತರ. ನಡುವಿನ ಜಾಗಕ್ಕೆ ನೆರಳು ಕವಿದಿದೆ, ಅಲ್ಲಿಗೆ ನಾನು ಹೋಗುವುದಿಲ್ಲ. ಉಳಿದ ಕಡೆಗೆ ಹೋಗುವಾಗಲೂ ಬೇಲಿಯ ಬಳಿ ನಿಂತು, ಪರರ ಮನೆಗೆ ಹೋದವಳ ಹಾಗೆ ಒಮ್ಮೆ ಕೆಮ್ಮುತ್ತೇನೆ. ಭೂಮಿ ಕಾಗದದಲ್ಲಿ ಇನ್ನೂ ನಮ್ಮದೇ.