ಉಸ್ತಾನಿಯವರು ನನ್ನನ್ನು ಕಳ್ಳನೆಂದ ದಿನ

ಮೊನ್ನೆ ಅಂಗಡಿಯಲ್ಲಿ ಹೊಸ ತೊಗರಿಯ ಚೀಲ ಬಿಚ್ಚಿದೆ. ಕಾಳಿನ ಜೊತೆ ಏಳುವ ಧೂಳು ಮೂಗಿಗೆ ಅಡರಿ ಸೀನು ಬಂತು. ಸೀನಿನ ಹಿಂದೆಯೇ ಉಸ್ತಾನಿಯವರು ನೆನಪಿಗೆ ಬಂದುಬಿಟ್ಟರು... ಬಿಳಿ ದುಪಟ್ಟಾ, ಬಾಯಲ್ಲಿ ಎಲೆಯಡಿಕೆ, ಕಣ್ಣಲ್ಲಿ ಅದೇ ತುಂಟ ನಗು.

ಉಸ್ತಾನಿ ಎಂದರೆ ತಾಂಡೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದವರು. ನಿಜಾಮರ ಕಾಲ, ಪಾಠವೆಲ್ಲ ಉರ್ದುವಿನಲ್ಲಿ. ಅವರು ಬೀದರಿನ ಕಡೆಯವರಾದ್ದರಿಂದ ನಮ್ಮ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ನನ್ನ ತಂಗಿ ಅವರ ಕೈಯಲ್ಲಿ ಓದುತ್ತಿದ್ದಳು. ನಾನು ನಾಲ್ಕನೇ ಜಮಾತಿಗೇ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡ ಮೇಲೆ ಅವನು ಕಾಳು ಅಳೆಯುತ್ತಿದ್ದ ಪಾಯಲಿ ನನ್ನ ಕೈಗೆ ಬಂತು. ಬಜಾರಿನಲ್ಲಿ ತೊಗರಿ ಅಳೆದೇ ಮನೆ ನಡೆಸಿದೆ. ನನ್ನ ಅಳತೆಯ ಮೇಲೆ ಯಾರೂ ಮಾತೆತ್ತುತ್ತಿರಲಿಲ್ಲ. ಇದನ್ನು ಈಗಲೂ ಎದೆ ತಟ್ಟಿ ಹೇಳುತ್ತೇನೆ.

ಆ ವರ್ಷ ಹೈದರಾಬಾದಿನ ದೊಡ್ಡ ಶಾಲೆಯೊಂದು ಜಾಣ ಹುಡುಗಿಯರನ್ನು ಆರಿಸಿ ಅವರಿಗೇ ಒಂದು ಬೇರೆ ಜಮಾತು ಮಾಡುತ್ತಿತ್ತು. ಊಟ, ವಸತಿ, ಪುಸ್ತಕ ಎಲ್ಲ ಶಾಲೆಯದೇ. ಪರೀಕ್ಷೆ ಮಾಡಲು ಇನ್‌ಸ್ಪೆಕ್ಟರ್ ಬಾಯಿಸಾಹೇಬರು ರೈಲಿನಲ್ಲಿ ಬಂದಿಳಿದರು. ಉಸ್ತಾನಿಯವರು ಹಿಂದಿನ ದಿನವೇ ನನಗೆ ಹೇಳಿ ಕಳಿಸಿದ್ದರು: ‘ನಾಳೆ ಪಾಯಲಿ, ಅರ್ಧ ಚೀಲ ತೊಗರಿ ತಗೊಂಡು ಶಾಲಿಗಿ ಬಾ. ಪರೀಕ್ಷಾಕ್ಕ ಬೇಕು.’

ಲೆಕ್ಕದಲ್ಲಿ ನನ್ನ ತಂಗಿಯ ಮುಂದೆ ಯಾರೂ ಇರಲಿಲ್ಲ. ಉರ್ದುವಿನಲ್ಲಿ ಅವಳ ಹಿಂದೆ ಯಾರೂ ಇರಲಿಲ್ಲ. ಬರೆದರೆ ತಪ್ಪು, ಕೇಳಿದರೆ ಬಾಯಿಗೆ ಬೀಗ. ಬಾಯಿಸಾಹೇಬರು ತಲೆಯಾಡಿಸಿಬಿಟ್ಟರು. ಎಲ್ಲದರಲ್ಲೂ ಸಮನಾಗಿರಬೇಕು, ಬಾಯಿಯೇ ತೆರೆಯದವಳು ಅಲ್ಲಿಗೆ ಬಂದು ಏನು ಮಾಡುತ್ತಾಳೆ ಎಂದರು. ಬಾಗಿಲ ಪರದೆಯ ಈಚೆ ಪಾಯಲಿ ಹಿಡಿದು ನಿಂತಿದ್ದ ನನಗೆ ಅದೆಲ್ಲ ಕೇಳಿಸಿತು. ಮನೆಯಲ್ಲಿ ಅವ್ವ ಅವಳ ಮದುವೆಯ ಮಾತು ಎತ್ತಿಯಾಗಿತ್ತು. ಇದು ತಪ್ಪಿದರೆ ಅವಳ ಓದು ಅಲ್ಲಿಗೆ ಮುಗಿಯಿತು...

ಉಸ್ತಾನಿಯವರು ಮಾತ್ರ ಎದ್ದು ಹೊರಟ ಬಾಯಿಸಾಹೇಬರನ್ನು ಮತ್ತೆ ಕೂರಿಸಿದರು. ಇನ್ನೊಂದು ಲೆಕ್ಕ ಉಳಿದಿದೆ ಎಂದರು. ಆಮೇಲೆ ನನಗೆ ಕೂಗಿ ಹೇಳಿದರು: ‘ಹೂಂ, ತೊಗರಿ ಅಳಿ ನೋಡಪ್ಪಾ. ಬಾಯಿ ಬಿಟ್ಟು ಎಣಿಸು.’

ಪಾಯಲಿ ತುಂಬಿ ಸುರಿದೆ. ‘ಲಾಭ... ಎರಡು... ಮೂರು...’

ನಮ್ಮ ಕಡೆ ಕಾಳು ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ರಾಶಿ ಬೆಳೆಯಲಿ ಎಂದು.

ಉಸ್ತಾನಿಯವರು ಚಪ್ಪಾಳೆ ತಟ್ಟಿ ನಕ್ಕರು. ಇಡೀ ಶಾಲೆಗೆ ಕೇಳುವಂತೆ ಉರ್ದುವಿನಲ್ಲಿ ಶುರು ಮಾಡಿದರು. ನೋಡಿದಿರಾ, ಇವನಿಗೆ ಒಂದು ಎನ್ನಲೂ ಬರುವುದಿಲ್ಲ! ಆ ಒಂದು ಪಾಯಲಿ ಎಲ್ಲಿ ಹೋಯಿತು? ಇವನ ಮನೆಗೆ! ಊರಿಗೆ ಊರೇ ಇವನ ಕೈಯಲ್ಲಿ ಮೋಸ ಹೋಗುತ್ತಿದೆ!

ನನ್ನ ಕಿವಿಗಳು ಕಾದ ಹಂಚಿನಂತಾದವು. ಪಾಯಲಿ ಅಲ್ಲೇ ಬಿಸಾಡಿ ಹೊರಡಬೇಕು ಎನ್ನುವಷ್ಟರಲ್ಲಿ ಪರದೆಯ ಆಚೆಯಿಂದ ಒಂದು ಕೂಗು ಬಂತು.

‘ಮೇರಾ ಭಾಯಿ ಚೋರ್ ನೈಂ!’

ನನ್ನಣ್ಣ ಕಳ್ಳನಲ್ಲ ಎಂದು ಕೂಗಿದವಳು ನನ್ನ ತಂಗಿ! ಆಮೇಲೆ ಮಾತು ನಿಲ್ಲಲೇ ಇಲ್ಲ, ಅದೂ ಉರ್ದುವಿನಲ್ಲಿ. ಲಾಭ ಎಂದರೇ ಒಂದು, ಅದರ ಮುಂದಿನದು ಎರಡು ಎಂದ ಮೇಲೆ ನಡುವೆ ಕಳೆದದ್ದು ಏನು, ತೋರಿಸಿ. ನನ್ನಣ್ಣ ದಿನವಿಡೀ ಬಗ್ಗಿ ಅಳೆಯುತ್ತಾನೆ, ಪರರ ಒಂದು ಕಾಳು ಮನೆಗೆ ತಂದಿಲ್ಲ. ಅನುಮಾನವಿದ್ದರೆ ಮತ್ತೆ ಅಳೆಯಿರಿ, ನಾನು ಎಣಿಸುತ್ತೇನೆ. ಉಸ್ತಾನಿಯಾದರೇನು, ಅವನ ಮಾಫಿ ಕೇಳಲೇಬೇಕು!

ಆಮೇಲೆ ಉಸ್ತಾನಿಯವರ ದನಿ ಕೇಳಿಸಿತು, ಬೆಣ್ಣೆಯಷ್ಟು ಮೆತ್ತಗೆ. ಬಾಯಿ ತೆರೆಯದ ಹುಡುಗಿ ಎಂದಿರಲ್ಲ, ಇವಳೇ ಅಲ್ಲವೇ ಎಂದು ಬಾಯಿಸಾಹೇಬರನ್ನು ಕೇಳುತ್ತಿದ್ದರು.

ಬಾಯಿಸಾಹೇಬರು ಜೋರಾಗಿ ನಕ್ಕರು. ಬರೆಯುವುದನ್ನು ನಾವು ಕಲಿಸುತ್ತೇವೆ, ಇವಳನ್ನು ಕಳಿಸಿ ಎಂದರು. ತಂಗಿಯ ಕಿವಿಗೆ ಅದು ಬೀಳಲೇ ಇಲ್ಲ. ಮೊದಲು ಮಾಫಿ ಎಂದು ಪಟ್ಟು ಹಿಡಿದು ನಿಂತಿದ್ದಳು.

ಉಸ್ತಾನಿಯವರು ಪರದೆ ಸರಿಸಿ ಹೊರಗೆ ಬಂದರು. ‘ಮಾಫ್ ಮಾಡಪ್ಪಾ. ಬಾವಿ ಹತ್ರ ಯಾರೋ ನಿನಗ ಕೆಟ್ಟದ್ದು ಅಂದ್ರಂತ ಈಕಿ ಉರ್ದುದಾಗ ಜಗಳಾ ಆಡೋದು ಕೇಳಿದ್ದೆ. ತನ್ನ ಸಲುವಾಗಿ ಈಕಿಗಿ ಮಾತು ಬರಲ್ಲ. ನಿನ್ನ ಸಲುವಾಗಿ ಬರ್ತದ.’

‘ಮೊದ್ಲೇ ನಂಗ ಹೇಳಬಾರ್ದೇನ್ರಿ?’

‘ಹೇಳಿದ್ರ ನಿನ್ನ ಮಾರಿ ಹಿಂಗ ಕೆಂಪಾಗ್ತಿತ್ತೇನು?’

ಆ ವಾರವೇ ತಂಗಿಯನ್ನು ರೈಲು ಹತ್ತಿಸಿದೆ. ಸ್ಟೇಷನ್ನಿನಿಂದ ಬಜಾರಿನ ನಡುವೆ ಹಾದು ಬರುವಾಗ ನನ್ನಷ್ಟು ಎತ್ತರದವನು ತಾಂಡೂರಿನಲ್ಲಿ ಇನ್ನೊಬ್ಬನಿರಲಿಲ್ಲ. ಅವಳು ಮುಂದೆ ತಾನೇ ಉಸ್ತಾನಿಯಾದಳು, ಎಷ್ಟೋ ಮೂಕ ಹುಡುಗಿಯರ ಬಾಯಿ ಬಿಡಿಸಿದಳು. ಆದರೆ ಅದನ್ನು ನೋಡಲು ನಮ್ಮ ಉಸ್ತಾನಿಯವರು ಊರಲ್ಲಿರಲಿಲ್ಲ. ನಿಜಾಮರ ಆಡಳಿತ ಮುಗಿದ ವರ್ಷದ ಗದ್ದಲದಲ್ಲಿ ಊರಿನ ಎಷ್ಟೋ ಮನೆಗಳ ಜೊತೆ ಅವರ ಮನೆಗೂ ಬೀಗ ಬಿತ್ತು. ಬೀದರಿಗೆ ಹೋದರು ಎಂದರು ಕೆಲವರು, ಇನ್ನೂ ದೂರ ಎಂದರು ಕೆಲವರು... ತಂಗಿ ಎಷ್ಟು ಹುಡುಕಿಸಿದರೂ ಸುಳಿವು ಸಿಗಲಿಲ್ಲ.

ಈಗ ಅಂಗಡಿಯಲ್ಲಿ ಎಲ್ಲಕ್ಕೂ ತಕ್ಕಡಿ. ಆದರೂ ಮೊನ್ನೆ ಆ ಧೂಳಿನ ವಾಸನೆಗೆ ಹಳೆಯ ಪಾಯಲಿ ಕೆಳಗಿಳಿಸಿ ‘ಲಾಭ... ಎರಡು...’ ಎಂದು ಅಳೆಯತೊಡಗಿದೆ. ಮೊಮ್ಮಗ ಕೇಳಿದ: ‘ಮುತ್ಯಾ, ಒಂದು ಎಲ್ಲಿ ಹೋತು?’

‘ಹೈದರಾಬಾದಿಗಿ ಓದಾಕ ಹೋಗ್ಯದ’ ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗಿ, ಎಲೆಯಡಿಕೆಯ ಬಾಯಲ್ಲಿ ನಗಬೇಕಾದವರು ಈಗ ಇಲ್ಲಿಲ್ಲ.