ಅಳಿವೆಯ ದಂಡೆಯಲ್ಲಿ ಕಬ್ಬಿನ ನಾಟಿ

ಕಬ್ಬೂರಿನ ನಮ್ಮ ಸ್ವಸಹಾಯ ಸಂಘದ ಹನ್ನೆರಡು ಹೆಂಗಸರನ್ನು ಕಾಂಡ್ಲಾ ನೆಡುವ ಶಿಬಿರಕ್ಕೆಂದು ಕುಮಟಾ ಕಡೆ ಕರೆದೊಯ್ದದ್ದು ಎರಡು ಸಾವಿರದ ಹತ್ತರ ಆಸುಪಾಸು. ಕಾಂಡ್ಲಾ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಗಿಡವೆಂಬುದು ಹೊರಡುವಾಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಸಮುದ್ರ ನೋಡುವ ಆಸೆಗೆ ಹೆಸರು ಕೊಟ್ಟಿದ್ದೆವು.

ನದಿ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ, ಚಿಪ್ಪು ಆರಿಸಿ ಬದುಕುವ ಅಜ್ಜಿಯೊಬ್ಬಳು ನಮಗೆ ಕಲಿಸಬೇಕಿತ್ತು. ನುಗ್ಗೆಕಾಯಿಯಂಥ ಹಸಿರು ಕೋಡುಗಳ ಬುಟ್ಟಿ ಇಳಿಸಿ, “ಇದೇ ಬೀಜ. ನಾ ಬರೂತನಕ ಮುಟ್ಟಬೇಡಿ,” ಎಂದು ಮನೆಗೆ ಹೋಗಿಬರಲು ಹೊರಟಳು.

ನಮ್ಮ ಜೊತೆ ಬಂದಿದ್ದ ಕಾಕಿಗೆ, ನನ್ನ ಚಿಕ್ಕಪ್ಪನ ಹೆಂಡತಿಗೆ, ಸುಮ್ಮನೆ ಕೂತು ಅಭ್ಯಾಸವಿಲ್ಲ. ಮದುವೆಯಾಗಿ ಬಂದಾಗಿನಿಂದ ಕಬ್ಬು ಹಚ್ಚಿದ ಕೈ ಅವಳದು. ಒಂದು ಕೋಡನ್ನು ತಿರುಗಿಸಿ, ಕಬ್ಬಿನ ಗಣ್ಣಿನಲ್ಲಿರುವಂಥ ಮೊಳಕೆಯ ಕಣ್ಣು ಹುಡುಕಿ, “ಇದಕ್ಕ ಕಣ್ಣ ಎಲ್ಲಿ ಅದಾವಲೇ?” ಎಂದಳು.

“ಒಳಗ ಇರಬೇಕ ಕಾಕಿ,” ಎಂದೆ ನಾನು, ಏನೂ ಗೊತ್ತಿಲ್ಲದೆ.

ಅಷ್ಟೇ ಸಾಕಾಯಿತು. ಕೆಸರಿನಲ್ಲಿ ಸಾಲು ತೆಗೆದು, ಕಬ್ಬಿನ ತುಂಡುಗಳಂತೆ ಎಲ್ಲವನ್ನೂ ಅಡ್ಡಡ್ಡ ಮಲಗಿಸಿ, ಕಾಲಿನಿಂದ ಮಣ್ಣು ಮುಚ್ಚಿದೆವು. ದಾರ ಹಿಡಿದಂತೆ ನೇರ ಸಾಲುಗಳು. ನಮಗೇ ಹೆಮ್ಮೆಯಾಯಿತು.

ಆಗ ಸದ್ದಿಲ್ಲದೆ ಸಮುದ್ರದ ಉಬ್ಬರದ ನೀರು ಏರಿತು. ಮೊದಲ ಸಾಲು ಎದ್ದು ತೇಲಿತು, ಹಿಂದೆಯೇ ಎರಡನೆಯದು.

“ಯಾರೋ ಕಾಲುವಿ ಬಿಟ್ಟಾರ,” ಎಂದಳು ಕಾಕಿ ಗಂಭೀರವಾಗಿ. “ಬಂದ್ ಮಾಡಾಕ ಹೇಳ್ರಿ.”

ಹಿಂತಿರುಗಿದ ಅಜ್ಜಿ ನಕ್ಕು ನಕ್ಕು ಬುಟ್ಟಿ ಬೋರಲು ಹಾಕಿ ಅದರ ಮೇಲೇ ಕೂತಳು. ಆಮೇಲೆ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಕೋಡುಗಳನ್ನು ಹಿಡಿಯತೊಡಗಿದಳು. ನಾಚಿಕೆಯಿಂದ ನಾವೂ ಇಳಿದೆವು. ಕಾಕಿ ಮೊಣಕಾಲವರೆಗೆ ಹೂತುಹೋದಳು. ನಾಲ್ವರು ಎಳೆದ ಮೇಲೆ ಬಂದಳು, ಚಪ್ಪಲಿ ಬರಲಿಲ್ಲ.

ಮರುದಿನ ನೀರು ಇಳಿದಾಗ ಅಜ್ಜಿಯೇ ಕೈಹಿಡಿದು ಕಲಿಸಿದಳು. “ಚೂಪು ತುದಿ ಕೆಳಗೆ. ಗೇಣುದ್ದ ಹೂತರೆ ಸಾಕು. ಇದರ ಬೇರಿನ ಸಂದಿಲೇ ಮೀನಿನ ಮರಿ ದೊಡ್ಡದಾಗೂದು. ನಮ್ಮ ಗದ್ದೆ ಒಡ್ಡು ಕಾಯೂದೂ ಇದೇ.”

ಕಾಕಿ ವಿಧೇಯಳಾಗಿ ಕೇಳಿದಳು: “ಗೊಬ್ಬರ ಎಷ್ಟ ಹಾಕೂದ್ರಿ?”

“ಅದನ್ನ ಹೊಳೆ ತರ್ತದೆ,” ಎಂದಳು ಅಜ್ಜಿ.

ಕೆಲವು ತಿಂಗಳ ಮೇಲೆ ಅಜ್ಜಿಯ ಮಗ ಫೋನ್ ಮಾಡಿದ. ಒಂದಷ್ಟನ್ನು ಏಡಿ ತಿಂದಿತ್ತು, ಉಳಿದವು ಎಲೆ ಬಿಟ್ಟಿದ್ದವು. ಅಂದಿನಿಂದ ಕಾಕಿಯ ಮಾತೇ ಬದಲಾಯಿತು. ಒಮ್ಮೆ ರಾಯಬಾಗದ ಬಸ್ಸಿನಲ್ಲಿ ಪಕ್ಕದ ಸೀಟಿನವನಿಗೆ, “ಸಮುದ್ರದಾಗ ನಮ್ಮದೊಂದ ಪ್ಲಾಟ ಐತ್ರಿ,” ಎಂದಳು.

ಆ ಮನುಷ್ಯ ನಂಬಿಯೇಬಿಟ್ಟ. “ಅಲ್ಲಿ ನಮಗೂ ಜಮೀನ ಸಿಗತೈತೇನ್ರಿ?”

“ಸಿಗತೈತಿ,” ಎಂದಳು ಕಾಕಿ. “ಮೊದಲ ಈಜ ಕಲತ ಬರ್ರಿ.”