ದೊಡ್ಡಮನೆ ಕೈ

ಹುಲಿಗೆಮ್ಮನಿಗೆ ಹಚ್ಚೆ ಹಾಕುವುದನ್ನು ಕಲಿಸಿದ್ದು ಅವಳ ತಾಯಿ ಯಲ್ಲಮ್ಮ. ಕಲಿಸಿದ್ದು ಅಂದರೆ ಹೊಡೆದು ಕಲಿಸಿದ್ದು. ಬಾಳೆದಿಂಡಿನ ಮೇಲೆ ಸೂಜಿ ಆಡಿಸಲು ಕೊಡುತ್ತಿದ್ದಳು. ಗೆರೆ ಸೊಟ್ಟಗಾದರೆ ಅದೇ ಸೂಜಿಯಿಂದ ಮಗಳ ತೊಡೆಗೆ ಚುಚ್ಚುತ್ತಿದ್ದಳು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಎದ್ದು ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ತಾಯಿ ಮಗಳು ಊರಾಚೆ ಹೊಳೆದಂಡೆಯ ಗುಡಿಸಲಲ್ಲಿದ್ದುಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಹಚ್ಚೆಗೆ ಪ್ರತಿಯಾಗಿ ರಾಗಿ, ಭತ್ತ, ಹಳೆ ಸೀರೆ.

ಯಲ್ಲಮ್ಮನಿಗೆ ಬರುತ್ತಿದ್ದದ್ದು ಅವಳ ತಾಯಿಗೆ ಬರುತ್ತಿದ್ದ ಚಿತ್ರಗಳೇ: ತುಳಸಿಕಟ್ಟೆ, ತೊಟ್ಟಿಲು, ಚೇಳು, ಸೀತೆಯ ಸೆರಗು. ಅದರಾಚೆಗೆ ಒಂದು ಚುಕ್ಕಿಯನ್ನೂ ಅವಳು ಇಡುತ್ತಿರಲಿಲ್ಲ. ಮಗಳ ಕಣ್ಣು ಬೇರೆಯದು. ಕಾರ್ಖಾನೆಯ ಕೂಲಿ ಲೈನುಗಳಲ್ಲಿ ತಮಿಳು ಹೆಂಗಸರು ಬೆಳಿಗ್ಗೆ ಬಾಗಿಲ ಮುಂದೆ ಚುಕ್ಕಿ ಇಟ್ಟು, ಚುಕ್ಕಿಗಳ ಸುತ್ತ ಎಳೆ ಎಳೆದು ಕೋಲಂ ರಂಗೋಲಿ ಹಾಕುವಾಗ ಅವಳು ಬೀದಿಯಲ್ಲೇ ನಿಂತುಬಿಡುತ್ತಿದ್ದಳು. ರೈಲು ಹತ್ತಿ ಶಿವಮೊಗ್ಗಕ್ಕೆ ಹೋದರೆ ಸಂತೆಗಿಂತ ಗೋಡೆಗಳನ್ನೇ ಹೆಚ್ಚು ನೋಡುತ್ತಿದ್ದಳು. ಒಮ್ಮೆ ತುಂಗೆಯ ಸೇತುವೆಯ ಕೆಳಗೆ ಬಟ್ಟೆ ಒಗೆಯುತ್ತಿದ್ದಾಗ, ಕಲ್ಲಿನ ಕಮಾನೂ ನೀರಿನಲ್ಲಿ ಅದರ ನೆರಳೂ ಸೇರಿ ದುಂಡಗೆ ಬಳೆಯಂತೆ ಕಂಡವು. ಆ ವಾರವೇ ಕುಂಬಾರರ ಹೆಂಗಸೊಬ್ಬಳ ಮಣಿಕಟ್ಟಿನ ಸುತ್ತ ಅದನ್ನೇ ಸಾಲಾಗಿ ಹಾಕಿದಳು.

"ಸೇತುವೆಗೂ ಹೆಣ್ಣಿನ ಕೈಗೂ ಏನೇ ಸಂಬಂಧ, ಮುಂಡೇದೆ?" ಎಂದು ಯಲ್ಲಮ್ಮ ಸೌದೆ ತೆಗೆದುಕೊಂಡು ಬಾರಿಸಿದಳು. ಆದರೆ ಮರುವಾರ ಕುಂಬಾರರ ಕೇರಿಯ ಮೂರ್ನಾಲ್ಕು ಹೆಂಗಸರು ಅದೇ ಬಳೆ ಬೇಕೆಂದು ಬಂದರು. ಯಲ್ಲಮ್ಮ ಬಾಯಿ ಮುಚ್ಚಿಕೊಂಡು ರಾಗಿ ಅಳೆಸಿಕೊಂಡಳು. ಸಾಯುವ ತನಕ ಮಗಳನ್ನು ಹೊಗಳಲಿಲ್ಲ. ಜ್ವರದಲ್ಲಿ ಮಲಗಿದ್ದಾಗಲೂ, "ನಿನ್ನ ಕಣ್ಣು ಒಂದಿನ ನಿನ್ನನ್ನೇ ತಿನ್ನುತ್ತೆ" ಎಂದಳು. ತಾಯಿಯನ್ನು ಮಣ್ಣು ಮಾಡಿ ಬಂದ ಮೇಲೆ ಹುಲಿಗೆಮ್ಮ ಒಬ್ಬಳೇ ಸೂಜಿ ಹಿಡಿದು ಹೊರಟಳು.

ಶಿವಮೊಗ್ಗದ ಪೇಟೆಯ ಹಿಂದೆ ಒಂದು ಓಣಿ. ಅಲ್ಲಿ ಒಂದು ಮಹಡಿ ಮನೆ. ಅದು ಯಾರದು, ಅಲ್ಲಿಗೆ ಯಾರು ಬರುತ್ತಾರೆ ಎಂಬುದು ಪೇಟೆಯ ಗಂಡಸರಿಗೆಲ್ಲ ಗೊತ್ತು, ಹುಲಿಗೆಮ್ಮನಿಗೆ ಗೊತ್ತಿರಲಿಲ್ಲ. ಅವಳು ನೋಡಿದ್ದು ಮಹಡಿಯ ಕಿಟಕಿಯನ್ನು ಮಾತ್ರ. ಅದಕ್ಕೆ ಕಬ್ಬಿಣದ ಬಳ್ಳಿ ಬಳ್ಳಿಯ ಸರಳು. ಬಳ್ಳಿಯ ನಡುವೆ ಬೆನ್ನಿಗೆ ಬೆನ್ನು ಹಚ್ಚಿ ಕೂತ ಎರಡು ಗಿಳಿ. ಎಡಗಡೆಯ ಗಿಳಿಗೆ ಕೊಕ್ಕು ಮುರಿದುಹೋಗಿತ್ತು. ಕೊಕ್ಕಿಲ್ಲದ ಆ ಗಿಳಿ ಮುಖ ಮುಚ್ಚಿಕೊಂಡು ಅಳುವಂತೆ ಅವಳಿಗೆ ಕಂಡಿತು. ಬಳ್ಳಿ ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ಸುರುಳಿ ಸುತ್ತುತ್ತದೆ ಎಂದು ಬಾಯಿಪಾಠ ಮಾಡಿಕೊಳ್ಳುವವರೆಗೆ ಓಣಿಯಲ್ಲಿ ನಿಂತಿದ್ದಳು. ಒಳಗಿಂದ ಯಾರೋ ಎಂಜಲು ನೀರು ಎರಚಿದ ಮೇಲೆಯೇ ಅಲ್ಲಿಂದ ಕದಲಿದ್ದು.

ಹೊಳೆಹೊನ್ನೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಹೊನ್ನಯ್ಯಗೌಡ ದೊಡ್ಡ ಭತ್ತದ ಕುಳ. ಊರವರು ಅವನ ಮನೆಯನ್ನು ದೊಡ್ಡಮನೆ ಎಂದೇ ಕರೆಯುತ್ತಿದ್ದರು. ಅವನ ಹೆಂಡತಿ ಪುಷ್ಪಮ್ಮ. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅತ್ತೆ ಸಾವಿತ್ರಮ್ಮ ಅದನ್ನು ದಿನಕ್ಕೊಂದು ಬಗೆಯಲ್ಲಿ ಹೇಳುತ್ತಿದ್ದಳು. ಆ ಸಲ ಅತ್ತೆ ನೆಂಟರ ಮನೆಗೆ ಹೋಗಿದ್ದಳು. ಗಂಡ ಕಚೇರಿ ಕೆಲಸವೆಂದು ಶಿವಮೊಗ್ಗಕ್ಕೆ ಹೋಗಿದ್ದ. ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಹುಲಿಗೆಮ್ಮನನ್ನು ಪುಷ್ಪಮ್ಮನೇ ಕೂಗಿ ಕರೆದಳು.

"ತೊಟ್ಟಿಲು ಹಾಕ್ಲಾ ಅಮ್ಮಾರೇ?"

"ತೊಟ್ಟಿಲಿನ ಮಾತೆತ್ತಬೇಡ ಮಾರಾಯ್ತಿ. ಸುತ್ತೇಳು ಹಳ್ಳಿಲಿ ಯಾರ ಕೈ ಮೇಲೂ ಇರಬಾರದು. ಅಂಥದ್ದೇನಾದ್ರೂ ಇದ್ರೆ ಹಾಕು."

ಹುಲಿಗೆಮ್ಮ ಸೊಪ್ಪಿನ ರಸದಲ್ಲಿ ಕಾಡಿಗೆ ಕಲಸಿ, ಕಡ್ಡಿಯಿಂದ ಬಲಗೈಯ ಮೇಲೆ ಬಳ್ಳಿ ಬರೆದು ತೋರಿಸಿದಳು. ಪುಷ್ಪಮ್ಮ ಕೈಯನ್ನು ಬೆಳಕಿಗೆ ಹಿಡಿದು ನೋಡಿ, "ಈ ಗಿಳಿಗೆ ಕೊಕ್ಕೇ ಇಲ್ವಲ್ಲೇ" ಎಂದಳು.

"ಅದು ಹಂಗೇ ಇರೋದು ಅಮ್ಮಾರೇ. ಹಂಗಿದ್ರೇನೇ ಚೆಂದ."

ಪುಷ್ಪಮ್ಮ ನಕ್ಕಳು. ಚುಚ್ಚುವಾಗ ನೋವು ಮರೆಯಲೆಂದು ಹುಲಿಗೆಮ್ಮ ಹಾಡು ಹೇಳಿದಳು. ಮುಗಿದ ಮೇಲೆ ಅರಿಸಿನ, ಹರಳೆಣ್ಣೆ ಹಚ್ಚಿದಳು. ಪುಷ್ಪಮ್ಮ ಅವಳಿಗೆ ಮೊರದ ತುಂಬ ಅಕ್ಕಿ ಕೊಟ್ಟಳು.

ಹೊನ್ನಯ್ಯ ಊರಿಗೆ ಬರುವ ಹೊತ್ತಿಗೆ ಕೈಯ ಹಕ್ಕಳೆ ಉದುರತೊಡಗಿತ್ತು. ಊಟಕ್ಕೆ ಕೂತವನ ಎಲೆಗೆ ಪುಷ್ಪಮ್ಮ ಅನ್ನ ಬಡಿಸಿದಳು. ಅವನ ಕಣ್ಣು ಅವಳ ಕೈ ಮೇಲೆ ಬಿತ್ತು. ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದುಕೊಂಡ. ಬಳ್ಳಿ, ಬೆನ್ನಿಗೆ ಬೆನ್ನು ಹಚ್ಚಿದ ಗಿಳಿ, ಇಲ್ಲದ ಕೊಕ್ಕು. ವರ್ಷಗಳಿಂದ ಅವನು ಆ ಕಿಟಕಿಯ ಒಳಗೆ ಮಲಗಿ ನೋಡಿದ ಗಿಳಿಗಳು ಅವು. ಪೇಟೆಯಲ್ಲಿ ಯಾರೋ ಇವಳಿಗೆ ಹೇಳಿಕೊಟ್ಟಿದ್ದಾರೆ, ತನ್ನನ್ನು ಅಣಕಿಸಲೆಂದೇ ಮೈಮೇಲೆ ಬರೆಸಿಕೊಂಡು ಎದುರಿಗೆ ನಿಂತಿದ್ದಾಳೆ ಎಂದುಕೊಂಡ. ಊಟ ಬಿಟ್ಟು ಎದ್ದು ಕೈ ತೊಳೆದ. ಅವನು ರಾತ್ರಿಯೇ ಕಳಿಸಿದ ಆಳು ಕರಿಯಪ್ಪ ಮರುದಿನ ಬೆಳಿಗ್ಗೆ ಭದ್ರಾವತಿಯಿಂದ ಹುಲಿಗೆಮ್ಮನನ್ನು ಗಾಡಿಯಲ್ಲಿ ಹಾಕಿಕೊಂಡು ಬಂದ. ಇನ್ನೊಂದು ಕೈಗೂ ಹಚ್ಚೆ ಬೇಕಾಗಿದೆ ಎಂದುಕೊಂಡು ಅವಳು ಸಂತೋಷವಾಗಿಯೇ ಬಂದಳು.

ಅಂಗಳದಲ್ಲಿ ಪುಷ್ಪಮ್ಮ ನಿಂತಿದ್ದಳು. ಊರಿಂದ ಮರಳಿದ್ದ ಸಾವಿತ್ರಮ್ಮ ಬಾಗಿಲಲ್ಲಿದ್ದಳು. ಹೊನ್ನಯ್ಯ ಜಗಲಿಯ ಮೇಲೆ ಎಲೆಯಡಿಕೆ ತಟ್ಟೆ ಇಟ್ಟುಕೊಂಡು ಕೂತಿದ್ದ.

"ಅದನ್ನ ಅಳಿಸು" ಎಂದ.

"ಹಚ್ಚೆ ಅಳಿಸಕ್ಕೆ ಬರಲ್ಲ ಗೌಡ್ರೇ."

ಸಾವಿತ್ರಮ್ಮನಿಗೆ ಮಗನ ಸಿಟ್ಟು ಅರ್ಥವಾಗಲಿಲ್ಲ. "ಗಿಳಿ ಚೆನ್ನಾಗೇ ಇದೆಯಲ್ಲೋ, ಯಾಕೆ ಅಳಿಸ್ಬೇಕು? ಎಲ್ಲಿ ನೋಡಿ ಬರೆದ್ಯೇ ಇದನ್ನ?" ಎಂದು ಕೇಳಿದಳು.

ಯಾರೋ ತನ್ನ ಪರ ಮಾತಾಡಿದರೆಂದು ಹುಲಿಗೆಮ್ಮನಿಗೆ ಧೈರ್ಯ ಬಂತು. "ಶಿವಮೊಗ್ಗದಲ್ಲಿ ಅಮ್ಮಾರೇ. ಪೇಟೆ ಹಿಂದೆ ಓಣಿ ಇದೆಯಲ್ಲ, ಅಲ್ಲೊಂದು ಮಹಡಿ ಮನೆ, ಅದರ ಕಿಟಕಿ..."

ಹೊನ್ನಯ್ಯ ಜಗಲಿಯಿಂದ ಇಳಿದು ಬಂದು ಅವಳ ಬಾಯಿಯ ಮೇಲೆ ಹೊಡೆದ. ಹಲ್ಲು ತುಟಿಗೆ ನೆಟ್ಟು ರಕ್ತ ಬಂತು. ಹೊಡೆದದ್ದನ್ನು ನೋಡಿಯೇ ಪುಷ್ಪಮ್ಮನಿಗೆ ಎಲ್ಲ ತಿಳಿಯಿತು. ಕಚೇರಿ ಕೆಲಸ, ವಾರಗಟ್ಟಲೆ ಬಾರದ ಗಂಡ, ಈಗ ಈ ಕಿಟಕಿ. ಸುಮ್ಮನಿದ್ದಿದ್ದರೆ ಒಂದೆರಡು ಏಟಿಗೆ ಮುಗಿಯುತ್ತಿತ್ತೋ ಏನೋ. ಅವಳು ಸುಮ್ಮನಿರಲಿಲ್ಲ.

"ನೀವು ಆ ಕಿಟಕಿ ನೋಡಿದೀರಾ?" ಎಂದು ಕೇಳಿದಳು.

ಸಾವಿತ್ರಮ್ಮನಿಗೂ ಈಗ ಅರ್ಥವಾಗಿತ್ತು. ಅವಳು ಸೆರಗು ಎಳೆದುಕೊಂಡು ಒಳಗೆ ಹೋಗಿ, ಅನ್ನಕ್ಕಿಡಲು ಕೆಲಸದವಳಿಗೆ ಹೇಳಿದಳು.

ಹೊನ್ನಯ್ಯ ಮತ್ತೆ ಜಗಲಿಯ ಮೇಲೆ ಕೂತ. "ಅಳಿಸಕ್ಕೆ ಬರಲ್ಲ ಅಂದ್ರೆ ಮುಚ್ಚು. ಮೊಣಕೈಯಿಂದ ಮಣಿಕಟ್ಟಿನ ತನಕ ಕಪ್ಪು ಮಾಡು. ಒಂದು ಗೆರೆ ಕಾಣಬಾರದು."

"ಹಸಿ ಚರ್ಮ ಗೌಡ್ರೇ, ಇನ್ನೂ ಮಾಗಿಲ್ಲ. ಕೀವಾಗುತ್ತೆ."

"ಕರಿಯಪ್ಪ, ಇವಳ ಭುಜ ಹಿಡ್ಕೋ" ಎಂದ ಹೊನ್ನಯ್ಯ, ಹೆಂಡತಿಯ ಕಡೆ ಗದ್ದ ಎತ್ತಿ. ಹುಲಿಗೆಮ್ಮನಿಗೆ, "ನೀನು ಮಾಡದಿದ್ರೆ ನಾನೇ ಕುಡುಗೋಲು ಕಾಯಿಸಿ ಇಡ್ತೀನಿ. ಯಾವುದಾಗಬಹುದು, ನೀನೇ ಹೇಳು" ಎಂದ.

ಹುಲಿಗೆಮ್ಮ ಸೂಜಿ ತೆಗೆದಳು.

ಮೊದಲ ಚುಚ್ಚಿಗೇ ಪುಷ್ಪಮ್ಮ ಕೂಗಿದಳು. ಅಭ್ಯಾಸಬಲದಿಂದ ಹುಲಿಗೆಮ್ಮನ ಬಾಯಿಗೆ ಹಾಡು ಬಂತು. ಅರ್ಧ ಸಾಲಿಗೆ ಅವಳಿಗೇ ನಾಚಿಕೆಯಾಗಿ ನಿಲ್ಲಿಸಿದಳು. "ಹಾಡು, ಹಾಡು, ಯಾಕೆ ನಿಲ್ಲಿಸ್ದೆ?" ಎಂದ ಹೊನ್ನಯ್ಯ. ಒಡೆದ ತುಟಿಯಲ್ಲಿ ಅವಳು ಹಾಡಿದಳು. ನಡುನಡುವೆ ಅವನು ಎದ್ದು ಬಂದು, ರಕ್ತ ಒರೆಸಿಸಿ, "ಇಲ್ಲಿ ಬಾಲ ಕಾಣ್ತಿದೆ. ಇಲ್ಲೊಂದು ಎಲೆ ಬಿಟ್ಟಿದೀಯ" ಎಂದು ಬೆರಳಿಟ್ಟು ತೋರಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಕಾಡಿಗೆ ಮುಗಿಯಿತು. ಅಡಿಗೆಮನೆಯ ಮಡಕೆಯ ತಳದ ಮಸಿ ಕೆರೆಸಿ ತರಿಸಿದ. ಅದು ಬೇಡ, ಅದು ಕೊಳಕು ಎಂದು ಹುಲಿಗೆಮ್ಮ ಕಾಲು ಹಿಡಿದಳು. ಅವನು ಕಾಲು ಒದರಿಕೊಂಡ. ಪುಷ್ಪಮ್ಮ ಎರಡು ಸಲ ಎಚ್ಚರ ತಪ್ಪಿದಳು. ನೀರು ಹಾಕಿ ಎಬ್ಬಿಸಿದರು. ದನ ಮನೆಗೆ ಬರುವ ಹೊತ್ತಿಗೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಬಳ್ಳಿಯೂ ಇರಲಿಲ್ಲ, ಗಿಳಿಯೂ ಇರಲಿಲ್ಲ. ಹುಲಿಗೆಮ್ಮ ನಡೆದೇ ಭದ್ರಾವತಿ ಸೇರಿದಳು.

ಪುಷ್ಪಮ್ಮನ ಕೈ ಬಾತುಕೊಂಡು ಕೀವಾಯಿತು. ಜ್ವರ ನೆತ್ತಿಗೇರಿದ ಮೇಲೆ ಗಾಡಿಯಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು, ಕೈಯೂ ಉಳಿಯಿತು. ಆದರೆ ಮೂರು ಬೆರಳು ಮಡಚಿಕೊಂಡವು ಮತ್ತೆ ಬಿಚ್ಚಲಿಲ್ಲ. ಸೌಟು ಹಿಡಿಯಲಾಗದ ಸೊಸೆಯಿಂದ ಮನೆ ನಡೆಯುವುದು ಹೇಗೆ ಎಂದು ಸಾವಿತ್ರಮ್ಮ ಮುಂದೆ ನಿಂತು ಮಗನಿಗೆ ಎರಡನೇ ಮದುವೆ ಮಾಡಿದಳು. ಪುಷ್ಪಮ್ಮನಿಗೆ ಅಂಗಳದಲ್ಲಿ ಒಣಗಲು ಹಾಕಿದ ಭತ್ತಕ್ಕೆ ಕೋಳಿ ಬಾರದಂತೆ ಕಾಯುವ ಕೆಲಸ ಉಳಿಯಿತು.

ಊರಲ್ಲಿ ಹಬ್ಬಿದ ಮಾತು ಬೇರೆ. ಹುಲಿಗೆಮ್ಮನ ಸೂಜಿಯಲ್ಲಿ ವಿಷವಿದೆ ಅಂದರು. ಯಾವ ಹಳ್ಳಿಯಲ್ಲೂ ಅವಳನ್ನು ಒಳಗೆ ಬಿಡಲಿಲ್ಲ. ಕುಂಬಾರರ ಕೇರಿಯವರೇ ಕಲ್ಲು ತೂರಿದರು. ಭದ್ರಾವತಿಯಲ್ಲಿ ಇದ್ದಿಲು ಹೊರುವ ಕೂಲಿಗೆ ಸೇರಿದಳು. ಬುಟ್ಟಿ ಹೊತ್ತು ಹೊತ್ತು ನೆತ್ತಿಯ ಕೂದಲು ಉದುರಿತು, ಕೆಮ್ಮು ಹಿಡಿಯಿತು. ತಾನು ಆ ಗಿಳಿಗೆ ಒಂದು ಕೊಕ್ಕು ಬರೆದಿದ್ದರೆ ಗೌಡನಿಗೆ ಗುರುತು ಸಿಗುತ್ತಿರಲಿಲ್ಲವೇನೋ ಎಂದು ಎಷ್ಟೋ ದಿನ ಕೊರಗಿದಳು. ತಮಿಳು ಹೆಂಗಸರ ಬಾಗಿಲ ಮುಂದೆ ಹಾದು ಹೋಗುವಾಗ ಈಗ ನಿಲ್ಲುತ್ತಿರಲಿಲ್ಲ. ರಂಗೋಲಿಯನ್ನು ತುಳಿದುಕೊಂಡೇ ಹೋಗಿ ಬೈಸಿಕೊಳ್ಳುತ್ತಿದ್ದಳು.

ಎರಡು ವರ್ಷ ಹೀಗೆ ಕಳೆದ ಮೇಲೆ ಹೊಳೆಹೊನ್ನೂರಿನ ಕಡೆಯ ಇಬ್ಬರು ಹೆಂಗಸರು ಅವಳ ಗುಡಿಸಲು ಹುಡುಕಿಕೊಂಡು ಬಂದರು.

"ನಮಗೂ ದೊಡ್ಡಮನೆ ಕೈ ಹಾಕ್ಕೊಡು" ಅಂದರು.

ಹುಲಿಗೆಮ್ಮನಿಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ನೆಂಟರ ಮದುವೆಯೊಂದಕ್ಕೆ ಪುಷ್ಪಮ್ಮನನ್ನು ಕರೆದುಕೊಂಡು ಹೋಗದೆ ವಿಧಿಯಿರಲಿಲ್ಲವಂತೆ. ಸಾವಿತ್ರಮ್ಮ ಮನೆಯ ಚಿನ್ನವನ್ನೆಲ್ಲ ಹೇರಿ ಸೊಸೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದಳಂತೆ. ಕೈ ಯಾಕೆ ಹೀಗಿದೆ ಎಂದು ಯಾರೋ ಕೇಳಿದಾಗ, "ನಮ್ಮ ಮನೆ ಪದ್ಧತಿ. ಹಿರೀ ಸೊಸೆಗೆ ಮಾತ್ರ" ಅಂದಳಂತೆ. ಕರೀ ಕೈಯ ಮೇಲೆ ಚಿನ್ನದ ಕಡಗ ಎಷ್ಟು ಎದ್ದು ಕಾಣುತ್ತಿತ್ತು ಅಂತೀಯ, ಎಂದು ಆ ಹೆಂಗಸರು ಬಾಯಿ ಚಪ್ಪರಿಸಿದರು.

ಹುಲಿಗೆಮ್ಮ ಅವರನ್ನು ಬೈದು ಅಟ್ಟಿದಳು. ಅವರು ಬೇರೆಯವಳ ಹತ್ತಿರ ಹೋಗಿ ಹಾಕಿಸಿಕೊಂಡರು. ಆಮೇಲೆ ಇನ್ನಷ್ಟು ಜನ ಬಂದರು. ಮಗಳ ಮದುವೆಗೆ ಮುಂಚೆ ಹಾಕಿಸಲೇಬೇಕೆಂದು ತಾಯಂದಿರು ಹುಡುಗಿಯರನ್ನು ಎಳೆದುಕೊಂಡು ತಿರುಗಿದರು. ಕೊನೆಗೊಮ್ಮೆ ಕೆಮ್ಮಿ ಕೆಮ್ಮಿ ಬುಟ್ಟಿ ಎತ್ತಲಾಗದೆ ಎರಡು ದಿನ ಉಪವಾಸ ಬಿದ್ದ ಮೇಲೆ, ಹುಲಿಗೆಮ್ಮ ಸೂಜಿ ಸಾಣೆ ಹಿಡಿದಳು. ಅವಳ ಕೈ ಚೆನ್ನಾಗಿತ್ತು. ತುಂಡು ತುಂಡಾಗಿ, ಒಂದು ಭಾಗ ಮಾಗಿದ ಮೇಲೆ ಇನ್ನೊಂದು ಭಾಗ ಎಂದು ಹಾಕುತ್ತಿದ್ದಳು. ಯಾರಿಗೂ ಕೀವಾಗಲಿಲ್ಲ. ವಿಷದ ಮಾತನ್ನು ಜನ ಮರೆತರು. ಸೇತುವೆಯ ಬಳೆಗಳನ್ನು ಯಾರೂ ಕೇಳಲಿಲ್ಲ, ಅವಳೂ ತೋರಿಸಲಿಲ್ಲ.

ಒಂದು ದಿನ ಕಮಾನು ಗಾಡಿಯಲ್ಲಿ ಎಳೆ ಪ್ರಾಯದ ಹೆಂಗಸೊಬ್ಬಳು ಬಂದಳು. ಹೆಸರು ಪ್ರೇಮಮ್ಮ, ತವರಿಗೆ ಬಂದಿದ್ದೇನೆ ಎಂದಳು. ಬಲಗೈ ಚಾಚಿ ಕೂತಳು. ಹುಲಿಗೆಮ್ಮ ಕೈ ಒರೆಸುತ್ತ ಗಂಡನ ಮನೆ ಯಾವೂರು ಎಂದು ಕೇಳಿದಳು. ಅವಳು ಹೇಳಿದ ಊರು ಕೇಳಿ ಸೂಜಿ ಕೆಳಗಿಟ್ಟಳು.

"ಹೊನ್ನಯ್ಯಗೌಡ್ರು ನಿನ್ನ ಗಂಡನಾ?"

"ಹೂಂ. ನಾನು ಎರಡನೇಯೋಳು."

"ಗೌಡ್ರನ್ನ ಕೇಳಿದ್ಯಾ?"

"ಕೇಳೋದೇನು? ಅಕ್ಕಂಗೆ ಅವರೇ ಎದುರಿಗೆ ಕೂತು ಹಾಕ್ಸಿದ್ರಂತೆ. ನನಗೆ ಮಾತ್ರ ಯಾಕಿಲ್ಲ? ನಾನೇನು ಬಿಟ್ಟಿ ಬಂದೋಳಾ?"

ಹುಲಿಗೆಮ್ಮ ಅಂಗಳದಲ್ಲಿ ಆದದ್ದನ್ನೆಲ್ಲ ಹೇಳಿದಳು. ಕಿಟಕಿಯ ವಿಚಾರವನ್ನೂ ಬಿಡಲಿಲ್ಲ. ಪ್ರೇಮಮ್ಮ ಕೇಳುತ್ತ ಕೇಳುತ್ತ ಮುಖ ಗಂಟು ಹಾಕಿಕೊಂಡಳು. "ಅಕ್ಕ ನಿನಗೆ ಹೇಳಿಕಳಿಸಿದ್ಲಾ, ಹಿಂಗೆ ಹೇಳಿ ಹೆದರಿಸು ಅಂತ? ಅವಳಿಗೆ ಹೊಟ್ಟೆಕಿಚ್ಚು. ನಿನಗಾಗದಿದ್ರೆ ಹೇಳು, ಬೇರೆಯೋರ ಹತ್ರ ಹೋಗ್ತೀನಿ."

ದುಂಡನೆಯ ಕೈ. ಒಂದು ಮಚ್ಚೆಯೂ ಇರಲಿಲ್ಲ. ಹುಲಿಗೆಮ್ಮ ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡಿದ್ದು, ಕಾಡಿಗೆಯ ಚಿಪ್ಪು ಹತ್ತಿರಕ್ಕೆ ಎಳೆದುಕೊಂಡಳು. ಪ್ರೇಮಮ್ಮ ತವರಿನಲ್ಲಿದ್ದಷ್ಟು ದಿನವೂ ಬಂದು ಹೋಗಿ ಕೈ ಪೂರ್ತಿ ಮಾಡಿಸಿಕೊಂಡಳು.

ಸುಗ್ಗಿಯ ಹೊತ್ತಿಗೆ ಆಳು ಕರಿಯಪ್ಪ ಭದ್ರಾವತಿಗೆ ಬಂದವನು ಗುಡಿಸಲ ಮುಂದೆ ನಿಂತ. ಅಂದು ಭುಜ ಹಿಡಿದಿದ್ದವನು ಅವನೇ. ಹುಲಿಗೆಮ್ಮ ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವನೇ ಹೇಳಿದ. ಚಿಕ್ಕಮ್ಮಾರು ಊಟಕ್ಕೆ ಬಡಿಸಲು ಬಂದು ಕೈ ಚಾಚಿದರಂತೆ. ಗೌಡರು ಅನ್ನದ ಮುಂದೆ ಬಿಳಿಚಿಕೊಂಡು ಕೂತುಬಿಟ್ಟರಂತೆ. ಇವರಿಗೆ ಇಷ್ಟವಾಗುತ್ತದೆ ಅಂತ ಹಾಕಿಸಿಕೊಂಡೆ ಎಂದು ಚಿಕ್ಕಮ್ಮಾರು ಅಳತೊಡಗಿದರಂತೆ.

"ಆಗ ಮೂಲೆಲಿ ಕೂತಿದ್ದ ದೊಡ್ಡಮ್ಮಾರು ಗಟ್ಟಿಯಾಗಿ ನಕ್ಕುಬಿಟ್ರು ಹುಲಿಗೆಮ್ಮ. ಆ ಮನೇಲಿ ಅವರು ನಕ್ಕಿದ್ದನ್ನ ನಾನು ಕೇಳಿದ್ದು ಅವತ್ತೇ."

"ಆಮೇಲೆ?"

"ಆಮೇಲೇನು? ಗೌಡ್ರು ಎದ್ದು ಬಂದು ದೊಡ್ಡಮ್ಮಾರಿಗೆ ಹೊಡೆದ್ರು."

ಅರೆಬಿಳಚಿ ಕಡೆಯಿಂದ ಬಂದ ತಾಯಿಯೊಬ್ಬಳು ಅಳುತ್ತಿದ್ದ ಮಗಳ ರಟ್ಟೆ ಹಿಡಿದುಕೊಂಡು ಹೊರಗೆ ಕಾಯುತ್ತಿದ್ದಳು. ಹುಲಿಗೆಮ್ಮ ಚಾಪೆ ಕೊಡವಿ ಹಾಸಿ, ಅವರನ್ನು ಒಳಗೆ ಕರೆದಳು.